ಬೀಡಿ ಬಿಟ್ಟ ತಂದೆಯವರಿಗೆ ಆಂಟಿಆಕ್ಸಿಡೆಂಟ್ ಕ್ಯಾಪ್ಸೂಲ್ ಕೊಡಬಹುದೇ?

ಪ್ರಶ್ನೆ: ಹಾಸನದವ

ನಮ್ಮ ತಂದೆಯವರಿಗೆ 63 ವರ್ಷ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಬೀಡಿ ಸೇದಿ, ನಾಲ್ಕು ವರ್ಷಗಳ ಹಿಂದೆ ಪೂರ್ತಿಯಾಗಿ ಬಿಟ್ಟಿದ್ದಾರೆ. ಪರಿಚಯದವರೊಬ್ಬರು ಆಂಟಿಆಕ್ಸಿಡೆಂಟ್ ಕ್ಯಾಪ್ಸೂಲ್‌ಗಳ ಡಬ್ಬಿಯೊಂದನ್ನು ತಂದುಕೊಟ್ಟು, ದಿನಕ್ಕೊಂದು ನುಂಗಿದರೆ ಶ್ವಾಸಕೋಶದಲ್ಲಿ ಉಳಿದ ವಿಷವೆಲ್ಲ ತೊಳೆದುಹೋಗುತ್ತದೆ ಎಂದಿದ್ದಾರೆ. ಡಬ್ಬಿಯ ಹಿಂದೆ ಬೀಟಾ ಕ್ಯಾರೋಟಿನ್, ವಿಟಮಿನ್ ಇ, ಸೆಲೆನಿಯಂ ಎಂದು ಬರೆದಿದೆ. ನೆಲ್ಲಿಕಾಯಿ, ಸೊಪ್ಪು ತಿಂದರೆ ಸಾಲದೇ ಎನ್ನುವುದು ತಾಯಿಯವರ ವಾದ. ತಿಳಿದವರು ದಯವಿಟ್ಟು ಹೇಳಿ.

ಉತ್ತರ: ಪಥ್ಯಾಪಥ್ಯ

ವೈದ್ಯರಿಗೆ ತೋರಿಸುವವರೆಗೆ ಆ ಡಬ್ಬಿಯನ್ನು ತೆರೆಯಬೇಡಿ. ನನಗೆ ಆತಂಕವಿರುವುದು ಅದರಲ್ಲಿರುವ ಬೀಟಾ ಕ್ಯಾರೋಟಿನ್ ಬಗ್ಗೆ; ಕ್ಯಾರೆಟ್, ಸೊಪ್ಪುಗಳಲ್ಲಿರುವ, ದೇಹದಲ್ಲಿ ವಿಟಮಿನ್ ಎ ಆಗಿ ಮಾರ್ಪಡುವ ಬಣ್ಣದ ಅಂಶವದು.

ಹಣ್ಣು, ತರಕಾರಿ ಹೆಚ್ಚು ತಿನ್ನುವವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಎಂಬುದನ್ನು ಗಮನಿಸಿದ್ದ ಸಂಶೋಧಕರು, ಆ ಗುಣ ಬೀಟಾ ಕ್ಯಾರೋಟಿನ್‌ನದೇ ಇರಬಹುದೆಂದು ಎಣಿಸಿ, ಫಿನ್‌ಲೆಂಡಿನಲ್ಲಿ 50ರಿಂದ 69 ವರ್ಷದೊಳಗಿನ 29,133 ಮಂದಿ ಧೂಮಪಾನಿ ಗಂಡಸರ ಮೇಲೆ ಪ್ರಯೋಗ ನಡೆಸಿದರು. 1994ರಲ್ಲಿ ಫಲಿತಾಂಶ ಹೊರಬಂದಾಗ, ದಿನಕ್ಕೆ 20 ಮಿಲಿಗ್ರಾಂ ಬೀಟಾ ಕ್ಯಾರೋಟಿನ್ ಸೇವಿಸಿದವರಲ್ಲಿ ಕ್ಯಾನ್ಸರ್ ತಗ್ಗುವ ಬದಲು ಶೇ. 18ರಷ್ಟು ಹೆಚ್ಚಾಗಿತ್ತು. ಧೂಮಪಾನ ಬಿಟ್ಟವರನ್ನೂ ಒಳಗೊಂಡಿದ್ದ ಅಮೆರಿಕದ ಇನ್ನೊಂದು ಪ್ರಯೋಗದಲ್ಲಿ, ಬೀಟಾ ಕ್ಯಾರೋಟಿನ್ ಜೊತೆಗೆ ವಿಟಮಿನ್ ಎ ಕೊಟ್ಟಿದ್ದರು. ಅಲ್ಲಿ ಹೆಚ್ಚಳ ಶೇ. 28ಕ್ಕೆ ಏರಿದ್ದರಿಂದ 1996ರ ಜನವರಿಯಲ್ಲಿ ಅವಧಿಗೆ 21 ತಿಂಗಳು ಮೊದಲೇ ಅದನ್ನು ನಿಲ್ಲಿಸಬೇಕಾಯಿತು. ಅಪಾಯ ಎದ್ದು ಕಂಡದ್ದು ಇನ್ನೂ ಸೇದುತ್ತಿದ್ದವರಲ್ಲಿ, ನಿಜ. ಹಾಗೆಂದು ಬಿಟ್ಟವರಿಗೆ ಲಾಭವಾಗುತ್ತದೆಂದು ಸಿದ್ಧವಾಗಿಲ್ಲ.

‘ವಿಷ ತೊಳೆಯುವುದು’ ಎಂಬ ಮಾತೇ ದಾರಿ ತಪ್ಪಿಸುವಂಥದ್ದು. ಆಂಟಿಆಕ್ಸಿಡೆಂಟ್‌ಗಳ ಕೆಲಸ ಫ್ರೀ ರ‍್ಯಾಡಿಕಲ್ ಎಂಬ ಅಸ್ಥಿರ ಕಣಗಳನ್ನು ತಟಸ್ಥಗೊಳಿಸುವುದು. ಫ್ರೀ ರ‍್ಯಾಡಿಕಲ್‌ಗಳು ಅತಿಯಾದಾಗ ಜೀವಕೋಶಗಳಿಗೆ ಹಾನಿಯಾಗುತ್ತದೆ ಎಂಬುದು ಸರಿಯೇ; ಆದರೆ ನಮ್ಮ ಬಿಳಿ ರಕ್ತಕಣಗಳು ರೋಗಾಣುಗಳನ್ನು ಕೊಲ್ಲಲು ಬಳಸುವುದೂ ಇಂಥ ಕಣಗಳನ್ನೇ. ಅವುಗಳನ್ನು ಹದದಲ್ಲಿಡಲು ಕ್ಯಾಟಲೇಸ್‌ನಂಥ ಕಿಣ್ವಗಳು ದೇಹದಲ್ಲೇ ಇವೆ. ಹಣ್ಣು, ಸೊಪ್ಪುಗಳಲ್ಲಿ ವಿಟಮಿನ್ ಸಿ, ಪಾಲಿಫಿನಾಲ್ ಎಂಬ ಸಸ್ಯಜನ್ಯ ಆಂಟಿಆಕ್ಸಿಡೆಂಟ್, ನಾರು, ಪೊಟ್ಯಾಸಿಯಂ ಎಲ್ಲವೂ ಹಿತಮಿತವಾಗಿ ಒಟ್ಟಿಗೇ ಬರುತ್ತವೆ; ಅವುಗಳಲ್ಲಿ ಒಂದನ್ನೇ ಬೇರ್ಪಡಿಸಿ ಹತ್ತಾರು ಪಟ್ಟು ಕೊಟ್ಟರೆ ಅದೇ ಫಲ ಸಿಗಬೇಕೆಂದಿಲ್ಲ. ನಿಮ್ಮ ತಾಯಿಯವರ ವಾದವೇ ಸರಿ.

ಉತ್ತರ: ತುಮಕೂರಿನ ಗೃಹಿಣಿ

ವಿಜ್ಞಾನದ ವಿವರ ಮೇಲಿನವರು ಹೇಳಿದ್ದಾರೆ. ನಾನು ಅಡುಗೆಮನೆಯ ಮಾತನ್ನಷ್ಟೇ ಸೇರಿಸುತ್ತೇನೆ. ಸೊಪ್ಪು ತಿಂದರೆ ಸಾಕು ಎನ್ನುತ್ತೇವೆ, ಆದರೆ ಎಷ್ಟೋ ಮನೆಗಳಲ್ಲಿ ಹೆಚ್ಚಿದ ಸೊಪ್ಪನ್ನು ತೊಳೆದು, ಬೇಯಿಸಿದ ನೀರನ್ನು ಚೆಲ್ಲಿಬಿಡುತ್ತಾರೆ. ವಿಟಮಿನ್ ಸಿ ನೀರಿನಲ್ಲಿ ಕರಗುವಂಥದ್ದು, ಬಿಸಿಗೆ ನಾಶವೂ ಆಗುವಂಥದ್ದು. ಆದ್ದರಿಂದ ಸೊಪ್ಪನ್ನು ಮೊದಲು ತೊಳೆದು, ಆಮೇಲೆ ಹೆಚ್ಚಿ, ಬೇಗ ಬೇಯಿಸಿ ಇಳಿಸಬೇಕು. ಬಸ್ಸಾರಿನ ವಿಷಯದಲ್ಲಿ ನಮ್ಮ ಹಿರಿಯರು ಮಾಡಿದ್ದು ಅದೆಷ್ಟು ಸರಿ ನೋಡಿ: ಬೇಳೆ, ಸೊಪ್ಪು ಬಸಿದ ಕಟ್ಟನ್ನು ಚೆಲ್ಲದೆ ಅದರಲ್ಲೇ ಸಾರು ಮಾಡಿ, ಬಸಿದ ಸೊಪ್ಪಿಗೆ ಒಗ್ಗರಣೆ ಹಾಕಿ, ತೆಂಗಿನತುರಿ ಉದುರಿಸಿ ಪಲ್ಯ ಮಾಡುತ್ತಾರೆ. ಕ್ಯಾರೋಟಿನ್ ಮೈಗೆ ಹತ್ತಲು ಒಂದಿಷ್ಟು ಜಿಡ್ಡು ಬೇಕು. ಒಗ್ಗರಣೆಯ ಎಣ್ಣೆ, ತೆಂಗಿನತುರಿ ಎರಡೂ ಅದನ್ನು ಒದಗಿಸುತ್ತವೆ. ಟೊಮೆಟೊದ ಕೆಂಪಿಗೆ ಕಾರಣವಾದ ಲೈಕೋಪೀನ್ ಕೂಡ ಹಸಿಯಾಗಿ ತಿಂದಾಗಿನದಕ್ಕಿಂತ ಎಣ್ಣೆಯಲ್ಲಿ ಬೆಂದಾಗ ಚೆನ್ನಾಗಿ ದಕ್ಕುತ್ತದೆ.

ವಿಟಮಿನ್ ಸಿಗಾಗಿ ನೆಲ್ಲಿಕಾಯಿ, ಸೀಬೆಹಣ್ಣುಗಳನ್ನು ಹಸಿಯಾಗಿಯೇ ಕೊಡಿ. ನೂರು ಗ್ರಾಂ ಸೀಬೆಯಲ್ಲಿ ಸುಮಾರು 200 ಮಿಲಿಗ್ರಾಂ ಇರುತ್ತದೆ, ಒಂದು ದಿನದ ಅಗತ್ಯಕ್ಕಿಂತ ಅದು ಹೆಚ್ಚೇ. ಊಟವಾದ ಕೂಡಲೇ ಚಹಾ ಕುಡಿಯುವ ಅಭ್ಯಾಸ ತಂದೆಯವರಿಗಿದ್ದರೆ, ಒಂದು ಗಂಟೆಯಾದರೂ ಬಿಟ್ಟು ಕುಡಿಯಲು ಹೇಳಿ. ಚಹಾದಲ್ಲೂ ಪಾಲಿಫಿನಾಲ್‌ಗಳಿವೆ, ಆದರೆ ಅವೇ ಸೊಪ್ಪಿನ, ರಾಗಿಯ ಕಬ್ಬಿಣಾಂಶ ಮೈಗೆ ಸೇರದಂತೆ ತಡೆಯುತ್ತವೆ.

ಹಾಸನದವ

ಇಬ್ಬರಿಗೂ ಧನ್ಯವಾದಗಳು. ಇನ್ನೊಂದು ಸಂದೇಹ: ಅಕ್ಷಿಪಟಲದ ಮಧ್ಯಭಾಗ ಸವೆಯುತ್ತಿದೆ ಎಂದು ನಮ್ಮ ದೊಡ್ಡಮ್ಮನಿಗೆ ಕಣ್ಣಿನ ವೈದ್ಯರು ಆಂಟಿಆಕ್ಸಿಡೆಂಟ್ ಮಾತ್ರೆಯನ್ನೇ ಬರೆದುಕೊಟ್ಟಿದ್ದಾರೆ. ಅದನ್ನೂ ನಿಲ್ಲಿಸಬೇಕೇ?

ಉತ್ತರ: ಪಥ್ಯಾಪಥ್ಯ

ಖಂಡಿತ ನಿಲ್ಲಿಸಬೇಡಿ. ವಯಸ್ಸಾದಂತೆ ಬರುವ ಆ ಕಾಯಿಲೆಯ ಮಧ್ಯಮ ಹಂತದಲ್ಲಿರುವವರಿಗೆ ವಿಟಮಿನ್ ಸಿ, ಇ ಮತ್ತು ಸತುವಿನ ನಿರ್ದಿಷ್ಟ ಮಿಶ್ರಣ ಪ್ರಯೋಜನಕಾರಿ ಎಂಬುದು ಅಮೆರಿಕದಲ್ಲಿ ನಡೆದು 2001ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಿಂದ ತಿಳಿದಿದೆ. ಕಾಯಿಲೆ ಉಲ್ಬಣಿಸುವ ಸಾಧ್ಯತೆ ಸುಮಾರು ಶೇ. 25ರಷ್ಟು ತಗ್ಗಿತ್ತು. ಆ ಮಿಶ್ರಣದಲ್ಲಿಯೂ ಮೊದಲು ಬೀಟಾ ಕ್ಯಾರೋಟಿನ್ ಇತ್ತು. ಧೂಮಪಾನಿಗಳಿಗೆ ಅಪಾಯವೆಂದು ಗೊತ್ತಾದ ಮೇಲೆ ಅದರ ಜಾಗದಲ್ಲಿ ಲ್ಯೂಟಿನ್ ಮತ್ತು ಜಿಯಾಕ್ಸಾಂಥಿನ್ ಎಂಬ, ಅದೇ ಬಳಗದ ಬೇರೆ ಬಣ್ಣದ ಅಂಶಗಳನ್ನು ಹಾಕಿ ಪರೀಕ್ಷಿಸಿ, 2013ರಲ್ಲಿ ಆ ಬದಲಾವಣೆ ಸರಿಯೆಂದು ಕಂಡುಕೊಂಡರು. ದೊಡ್ಡಮ್ಮನವರ ಮಾತ್ರೆ ಯಾವ ಬಗೆಯದೆಂದು ಮುಂದಿನ ಭೇಟಿಯಲ್ಲಿ ವೈದ್ಯರನ್ನು ಕೇಳಿ, ಮತ್ತು ಅದನ್ನು ತಂದೆಯವರು ಹಂಚಿಕೊಳ್ಳದಂತೆ ನೋಡಿಕೊಳ್ಳಿ. ತಂದೆಯವರು ರಕ್ತ ತೆಳುವಾಗಿಸುವ ಔಷಧಿ ತೆಗೆದುಕೊಳ್ಳುತ್ತಿದ್ದರೆ, ಕ್ಯಾಪ್ಸೂಲ್‌ನಲ್ಲಿರುವ ವಿಟಮಿನ್ ಇ ಹೆಚ್ಚು ಪ್ರಮಾಣದಲ್ಲಿ ರಕ್ತಸ್ರಾವಕ್ಕೆ ಎಡೆಮಾಡಬಹುದು. ಡಬ್ಬಿಯನ್ನು ವೈದ್ಯರಿಗೆ ತೋರಿಸುವಾಗ ಉಳಿದ ಮಾತ್ರೆಗಳ ಚೀಟಿಯನ್ನೂ ಕೊಂಡೊಯ್ಯಿರಿ.