ಗಂಗೋತ್ರಿಯಿಂದ ಬೇಲಿಯವರೆಗೆ

ಬೆಳಿಗ್ಗೆ ಆರೂಕಾಲಿಗೆ ‘ಮೇಲಿನಮನೆ ಬಳಗ’ಕ್ಕೆ ಸುಮತ್ತೆಯ ಫಾರ್ವರ್ಡ್ ಬಂದು ಬಿತ್ತು. ಒಂದರ ಕೆಳಗೊಂದು ಎರಡು ಉಪಗ್ರಹ ಚಿತ್ರ. ಮೇಲಿನದು 1990ರದ್ದು, ಮೊಸರು ಚೆಲ್ಲಿದ ಹಾಗೆ ಬಿಳಿ. ಕೆಳಗಿನದು 2024ರದ್ದು, ಬರೀ ಬೂದು. “ಗಂಗೋತ್ರಿ ಹಿಮನದಿ ಮುಕ್ಕಾಲು ಭಾಗ ಮಾಯ! 2035ಕ್ಕೆ ಗಂಗೆ ಬತ್ತುತ್ತಾಳೆ! ಹತ್ತು ಗುಂಪಿಗೆ ಕಳಿಸಿ.” ಅತ್ತೆ ಹತ್ತಕ್ಕೆ ಕಳಿಸಿಯಾಗಿತ್ತು, ನಮ್ಮದು ಹನ್ನೊಂದನೆಯದಂತೆ.

ಗುಂಪಿನ ಅಡ್ಮಿನ್ ನಾನು, ವಿನಯ. ಅಡ್ಮಿನ್ ಅಂದರೆ ಬೈಸಿಕೊಳ್ಳುವವನು ಅಂತ ಅರ್ಥ.

ದೊಡ್ಡಪ್ಪ: ಎಲ್ಲ ಮನುಷ್ಯನ ದುರಾಸೆ. ನಮ್ಮ ಕಾಲದಲ್ಲಿ ಹೊಳೆಗೆ ಕೈಮುಗಿದು ಇಳೀತಿದ್ವಿ. ಈಗಿನವರಿಗೆ ಎಸಿ ಇಲ್ಲದೆ ನಿದ್ದೆ ಬರಲ್ಲ.

ವಿನಯ: ದೊಡ್ಡಪ್ಪ, ಯುಗಾದಿಗೆ ನಿಮ್ಮ ಕೋಣೆಗೆ ಎಸಿ ಹಾಕಿಸಿದ್ದು ನಾನೇ.

ವಿನಯ: ಅತ್ತೆ, ಇದರ ಮೂಲ ಎಲ್ಲಿ? 2035 ಅನ್ನೋದು ಹಳೇ ಕಥೆ. ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿಯವರು 2007ರ ವರದಿಯಲ್ಲಿ ಹಾಕಿ, 2010ರಲ್ಲಿ ತಪ್ಪಾಯ್ತು ಅಂತ ವಾಪಸ್ ತಗೊಂಡಿದ್ದಾರೆ.

ಸುಮತ್ತೆ: ಕೊರೋನಾದಲ್ಲಿ ಕಷಾಯದ್ದು ಕಳಿಸಿದಾಗಲೂ ಮೂಲ ಎಲ್ಲಿ ಅಂದೆ. ಆಮೇಲೆ ಎರಡು ಲೋಟ ಕುಡಿದೆಯೋ ಇಲ್ಲವೋ?

ನಾಗರಾಜ ಚಿಕ್ಕಪ್ಪ: ಏನೂ ಕರಗಿಲ್ಲ. ನಮ್ಮ ಇಸ್ರೋದವರೇ ಒಟ್ಟು 2018 ಹಿಮನದಿಗಳನ್ನು ನೋಡಿ, ನೂರಕ್ಕೆ 87 ಇದ್ದಲ್ಲೇ ಇವೆ ಅಂದಿದ್ದಾರೆ. ಹೆದರಿಸೋದೇ ಕೆಲಸ ಕೆಲವರಿಗೆ.

“ಕೆಲವರಿಗೆ” ಅಂದದ್ದು ಯಾರಿಗೆ ಅಂತ ಅತ್ತೆ ಕೇಳಿದರು. ಸಾಮಾನ್ಯವಾಗಿ ಹೇಳಿದ್ದು ಅಂದರು ಚಿಕ್ಕಪ್ಪ. ನಮ್ಮ ಮನೆಯಲ್ಲಿ ಯಾರೂ ಯಾವತ್ತೂ ಏನನ್ನೂ ಸಾಮಾನ್ಯವಾಗಿ ಹೇಳಿದವರಲ್ಲ.

ಅಷ್ಟರಲ್ಲಿ ರಘಣ್ಣನ ಮಗಳು ಮೇಘನಾ ಬಂದಳು. ಡೆಹ್ರಾಡೂನಿನಲ್ಲಿ ದೂರಸಂವೇದಿ, ಅಂದರೆ ಉಪಗ್ರಹ ಚಿತ್ರ ನೋಡಿ ನೆಲ ಅರಿಯುವ ವಿದ್ಯೆ, ಓದುತ್ತಿದ್ದಾಳೆ. ಗುಂಪಿನಲ್ಲಿ ಚಿತ್ರವನ್ನು ಬೆರಳಲ್ಲಿ ಹಿಗ್ಗಿಸಿ ನೋಡಿದವಳು ಅವಳೊಬ್ಬಳೇ.

ಮೇಘನಾ: ನೆರಳು ನೋಡಿ. ಮೇಲಿನ ಚಿತ್ರದಲ್ಲಿ ಬೆಟ್ಟದ ನೆರಳು ಕಣಿವೆ ತುಂಬಾ ಚಾಚಿದೆ, ಸೂರ್ಯ ತಗ್ಗಿನಲ್ಲಿದ್ದಾನೆ. ಅದು ಚಳಿಗಾಲದ್ದು. ಆಗ ಇಡೀ ಬೆಟ್ಟದ ಮೇಲೆ ಹೊಸ ಹಿಮ ಕೂತಿರುತ್ತೆ, ಅದು ಹಿಮನದಿ ಅಲ್ಲ. ಕೆಳಗಿನದು ಸೆಪ್ಟೆಂಬರ್ ಆಸುಪಾಸಿಂದು. ಹೋಲಿಸೋದಿದ್ದರೆ ಎರಡೂ ಬೇಸಿಗೆ ಮುಗಿಯೋ ಹೊತ್ತಿನದೇ ಆಗಬೇಕು. ಇನ್ನು ಆ ಬೂದು ಬಣ್ಣ ಕಲ್ಲುಮಣ್ಣಿನದು, ಅದರಡಿ ಮಂಜುಗಡ್ಡೆ ಇದ್ದೇ ಇದೆ.

ನಾಗರಾಜ ಚಿಕ್ಕಪ್ಪ: ನಾನು ಹೇಳಲಿಲ್ವಾ!

ಮೇಘನಾ: ಚಿಕ್ಕಜ್ಜ, ಹಾಗಂತ ಕರಗ್ತಾ ಇಲ್ಲ ಅಂತಲ್ಲ. ಗಂಗೋತ್ರಿ ಸುಮಾರು 30 ಕಿ.ಮೀ. ಉದ್ದ, ಅದರ ಮೂತಿ, ಅಂದರೆ ಕೆಳತುದಿ, ವರ್ಷಕ್ಕೆ 20 ಮೀಟರ್ ಲೆಕ್ಕದಲ್ಲಿ ಹಿಂದೆ ಸರೀತಿದೆ. ನೀವು ಹೇಳಿದ 87 ಬರೀ 2001ರಿಂದ 2011ರ ತನಕದ್ದು, ಮೂತಿ ಸರಿದಿದೆಯಾ ಅಂತ ನೋಡಿದ್ದು. ಮೂತಿ ಇದ್ದಲ್ಲೇ ಇದ್ದು ಮೈ ತೆಳ್ಳಗಾಗಬಹುದು. 1970ರ ದಶಕದಲ್ಲಿ ಅಮೆರಿಕದ ಬೇಹುಗಾರಿಕೆ ಉಪಗ್ರಹ ತೆಗೆದ ಚಿತ್ರಗಳಿಂದ ಎತ್ತರ ಲೆಕ್ಕ ಹಾಕಿ, 650 ಹಿಮನದಿ ಹೋಲಿಸಿ, 2019ರಲ್ಲಿ ಒಂದು ಪ್ರಬಂಧ ಬಂತು. 2000ದ ನಂತರ ಕರಗೋ ವೇಗ ಅದಕ್ಕೂ ಹಿಂದಿನ 25 ವರ್ಷಕ್ಕಿಂತ ಎರಡರಷ್ಟಾಗಿದೆ.

ಸುಮತ್ತೆ: ನಾನು ಹೇಳಲಿಲ್ವಾ!

ರಘಣ್ಣ: 96ರಲ್ಲಿ ಗೋಮುಖಕ್ಕೆ ಹೋದದ್ದು ನೆನಪಾಯ್ತು. ಭೋಜವಾಸದಲ್ಲಿ ಕೈ ಮರಗಟ್ಟಿ ಸಕ್ಕರೆ ಪೊಟ್ಟಣ ಬಿಚ್ಚೋಕಾಗಲಿಲ್ಲ. ಅಮ್ಮ ಬೂಂದಿಕಾಳಿನ ಡಬ್ಬ ತಲೆ ಕೆಳಗಿಟ್ಟುಕೊಂಡು ಮಲಗಿದ್ದಳು, ಕದೀತೀವಿ ಅಂತ. ಕದ್ವಿ.

ವಿನಯ: ಕದ್ದಿದ್ದು ನೀನು. ಬೈಸಿಕೊಂಡಿದ್ದು ನಾನು.

ಮೇಘನಾ: ಅಪ್ಪಾ, ಒಂದು ನಿಮಿಷ. ಚಿಂತೆ ಮಾಡೋದಿದ್ದರೆ ಕೆರೆಗಳ ಬಗ್ಗೆ ಮಾಡಿ. ಹಿಮನದಿ ಸರಿದ ಜಾಗದಲ್ಲಿ ನೀರು ನಿಲ್ಲುತ್ತೆ, ಕಟ್ಟೆ ಅಂತ ಇರೋದು ಬರೀ ಸಡಿಲ ಕಲ್ಲುಮಣ್ಣು. 2023ರಲ್ಲಿ ಸಿಕ್ಕಿಂನಲ್ಲಿ ಒಡೆದದ್ದು ಅಂಥದ್ದೇ. ಹಿಮಾಚಲದ ಘೇಪಾಂಗ್ ಘಾಟ್ ಕೆರೆ 1989ರಲ್ಲಿ 36 ಹೆಕ್ಟೇರ್ ಇತ್ತು, 2022ಕ್ಕೆ 101 ಆಗಿದೆ. ಇದು ಇಸ್ರೋ ಲೆಕ್ಕ.

ಇಷ್ಟು ಹೇಳಿದ್ದಕ್ಕೆ ಉತ್ತರವಾಗಿ ಬಂದದ್ದು ಸರಳಾ ಚಿಕ್ಕಮ್ಮನ ಒಂದೇ ಒಂದು ಪ್ರಶ್ನೆ: “ಹೆಕ್ಟೇರ್ ಅಂದ್ರೆ ಎಷ್ಟು ಎಕರೆ ಪುಟ್ಟಿ?”

ಎರಡೂವರೆ ಅಂದಳು ಮೇಘನಾ, 90 ಎಕರೆ ಇದ್ದದ್ದು 250 ಆಗಿದೆ ಅಂತ. ಎಕರೆ ಅಂದದ್ದೇ ತಪ್ಪಾಯಿತು.

ನಾಗರಾಜ ಚಿಕ್ಕಪ್ಪ: ಬೆಳೆಯೋದು ಕೆರೆ ಮಾತ್ರ ಅಲ್ಲ. ಕೆಲವರ ತೋಟವೂ ಬೆಳೆಯುತ್ತೆ.

ದೊಡ್ಡಪ್ಪ: ಯಾರ ತೋಟ?

ನಾಗರಾಜ ಚಿಕ್ಕಪ್ಪ: ಸಾಮಾನ್ಯವಾಗಿ ಹೇಳಿದ್ದು.

ದೊಡ್ಡಪ್ಪ: 92ರಲ್ಲಿ ಹಿಸ್ಸೆ ಆದಾಗ ಸರ್ವೆಯವರು ನೆಟ್ಟ ಗಡಿಕಲ್ಲು ಇವತ್ತಿಗೂ ಅಲ್ಲೇ ಇದೆ.

ನಾಗರಾಜ ಚಿಕ್ಕಪ್ಪ: ಕಲ್ಲು ಇದೆ. ಬೇಲಿ ಎಲ್ಲಿದೆ?

ಇದಾದ ಮೇಲೆ ಇಪ್ಪತ್ತು ನಿಮಿಷದಲ್ಲಿ ನಲವತ್ತಮೂರು ಮೆಸೇಜು. ಹಳೇ ಪಹಣಿಯ ಫೋಟೋ ಬಂತು. 92ರಲ್ಲಿ ಸರ್ವೆಯವರಿಗೆ ಊಟ ಹಾಕಿದ್ದು ಯಾರ ಮನೆಯಲ್ಲಿ ಅನ್ನೋ ವಿಚಾರ ಬಂತು. ಸುಮತ್ತೆ “ಹೆಣ್ಣುಮಕ್ಕಳಿಗೆ ಕೊಟ್ಟಿದ್ದೇನು” ಅಂತ ಬರೆದು ಅಳಿಸಿದರು. ಅಳಿಸುವಷ್ಟರಲ್ಲಿ ಎಲ್ಲರೂ ಓದಿದ್ದರು. ಗಂಗೋತ್ರಿ ಎಷ್ಟೋ ಮೇಲೆ ಹೋಗಿಬಿಟ್ಟಿತ್ತು. ನಾನು “ದಯವಿಟ್ಟು ವಿಷಯಕ್ಕೆ ಬನ್ನಿ” ಅಂದೆ, ಯಾವ ವಿಷಯ ಅಂತ ಕೇಳಿದರು.

ಕೊನೆಗೆ ಚಿಕ್ಕಪ್ಪ, ಬೆಳಗಿನಿಂದ ಒಂದು ಸಲವೂ ಕೇಳದಷ್ಟು ಮೆತ್ತಗಿನ ದನಿಯಲ್ಲಿ ವಾಯ್ಸ್ ಕಳಿಸಿದರು: “ಮೇಘನಾ ಪುಟ್ಟಿ, ಆ ಉಪಗ್ರಹದ ಚಿತ್ರ ನಮ್ಮೂರಿಂದೂ ಇರುತ್ತಾ? 92ರದ್ದು?”

ಮೇಘನಾ: ಇರುತ್ತೆ ಚಿಕ್ಕಜ್ಜ. ಲ್ಯಾಂಡ್‌ಸ್ಯಾಟ್ ಅನ್ನೋ ಅಮೆರಿಕದ ಉಪಗ್ರಹದ್ದು ಪುಕ್ಕಟೆ ಸಿಗುತ್ತೆ. ಆದರೆ ಅದರಲ್ಲಿ ಒಂದು ಚುಕ್ಕೆ ಅಂದರೆ ನೆಲದ ಮೇಲೆ 30 ಮೀಟರ್. ಗಂಗೋತ್ರಿಯದ್ದೇ ಒಂದು ವರ್ಷದಲ್ಲಿ ಸರಿದದ್ದು ಕಾಣಲ್ಲ, ಹತ್ತು ಹದಿನೈದು ವರ್ಷ ಬಿಟ್ಟು ನೋಡಬೇಕು. ಬೇಲಿ ಎಷ್ಟು ಸರಿದಿದೆ?

ನಾಗರಾಜ ಚಿಕ್ಕಪ್ಪ: ಮೂರು ಅಡಿ.

ಮೇಘನಾ: ಕಾಣಲ್ಲ.

ಆ ಮೆಸೇಜಿಗೆ ದೊಡ್ಡಪ್ಪ ಹೆಬ್ಬೆಟ್ಟು ಒತ್ತಿದರು.