ಲಸಿಕೆಯ ರೋಗಾಣುವೋ, ಹೊರಗಿನದೋ? ಅನುಭವ ಇದ್ದವರು ಹೇಳಿ

ಹೊಸನಗರದ ಹೊಸಬ: ನಮ್ಮ 1,800 ಮೊಟ್ಟೆಕೋಳಿಗಳಿಗೆ 6ನೇ ಮತ್ತು 16ನೇ ವಾರ ಕೋಳಿ ಟೈಫಾಯ್ಡ್ ತಡೆಯುವ 9ಆರ್ ಲಸಿಕೆ (ಬಲಗುಂದಿಸಿದ ಜೀವಂತ ರೋಗಾಣು) ಹಾಕಿಸಿದ್ದೆವು. ಈಗ 24ನೇ ವಾರ, ದಿನಕ್ಕೆ ನಾಲ್ಕೈದು ಸಾಯುತ್ತಿವೆ. ಲ್ಯಾಬ್‌ನವರು ‘ಸಾಲ್ಮೊನೆಲ್ಲಾ ಗ್ಯಾಲಿನೇರಮ್ ಇದೆ’ ಎಂದಷ್ಟೇ ಬರೆದಿದ್ದಾರೆ. ಟೈಫಾಯ್ಡ್ ತರುವುದೂ ಅದೇ, ಲಸಿಕೆಯಲ್ಲಿರುವುದೂ ಅದೇ. ಲಸಿಕೆಯದೇ ಇರಬಹುದೇ?

ಸಾಗರದ ಶೆಡ್: ಇದೇ ಒಂದು ಸಾಲಿನ ವರದಿ ನನ್ನ 2,400 ಕೋಳಿಗಳ ಹಿಂಡನ್ನು ಮುಗಿಸಿತು. ಲಸಿಕೆಯದೇ ಇರಬೇಕೆಂದು ಹನ್ನೊಂದು ದಿನ ಕೈಕಟ್ಟಿ ಕುಳಿತೆ. ಹನ್ನೆರಡನೇ ಬೆಳಿಗ್ಗೆ 63 ಸತ್ತಿದ್ದವು. ಸೀಳಿ ನೋಡಿದರೆ ಯಕೃತ್ತು ಊದಿ ಕಂಚಿನ ಬಣ್ಣ. ಔಷಧಿಗೆ 14,300, ಗುಂಡಿ ತೋಡಿದ ಜೆಸಿಬಿಗೆ 3,600, ಸುಣ್ಣಕ್ಕೆ 900. ಉಳಿದವನ್ನು ಕೇಳಿದ ಬೆಲೆಗೆ ಕೊಟ್ಟುಬಿಟ್ಟೆ. ಸುಣ್ಣದ ಚೀಟಿಯನ್ನು ಇನ್ನೂ ಎಸೆದಿಲ್ಲ.

ತೀರ್ಥಹಳ್ಳಿ ಕೋಳಿಮನೆ: ನಾನು ಲಸಿಕೆಯನ್ನೇ ಹಾಕಿಸುವುದಿಲ್ಲ, ಹಾಗಾಗಿ ಈ ಗೊಂದಲವೂ ಇಲ್ಲ. ರಕ್ತದ ಹನಿ ಪರೀಕ್ಷೆ ಮಾಡಿಸುತ್ತೇನೆ, ಸಿಕ್ಕಿಬಿದ್ದ ಕೋಳಿಯನ್ನು ತೆಗೆದುಹಾಕುತ್ತೇನೆ. ಆರು ವರ್ಷದಿಂದ ಒಂದೂ ಟೈಫಾಯ್ಡ್ ಇಲ್ಲ. ಅಂದಹಾಗೆ ಸಾಗರದವರೇ, ಆ ‘ಉಳಿದವು’ ಎಲ್ಲಿಗೆ ಹೋದವು? ಕಳೆದ ಮಳೆಗಾಲದಲ್ಲಿ ನಮ್ಮ ಸಂತೆಗೂ ಅಗ್ಗದ ಕೋಳಿ ಬಂದಿದ್ದವು.

ಸಾಗರದ ಶೆಡ್: ಮುನ್ನೂರು ಗಿರಿರಾಜ ಸಾಕಿ ಮಹಾರಾಜರಂತೆ ತೀರ್ಪು ಕೊಡಬೇಡಿ. ಬ್ಯಾಂಕಿನ ಕಂತು ಕಟ್ಟಿದವರಿಗೆ ಗೊತ್ತು.

ನಿವೃತ್ತ ಲ್ಯಾಬ್‌ನವನು, ಶಿವಮೊಗ್ಗ: ಜಗಳ ಆಮೇಲೆ ಆಡಿ. 9ಆರ್‌ನ ‘ಆರ್’ ಎಂದರೆ ರಫ್, ಒರಟು. ಹೊರಕವಚದ ಸಕ್ಕರೆಯ ಸರಪಳಿ ಅದಕ್ಕೆ ಪೂರ್ತಿ ಇಲ್ಲ. ಗಾಜಿನ ಮೇಲೆ ಅಕ್ರಿಫ್ಲೇವಿನ್ ಎಂಬ ಬಣ್ಣದ ದ್ರಾವಣದ ಹನಿಯಲ್ಲಿ ಕಲಸಿದರೆ ಗರಣೆಗಟ್ಟುತ್ತದೆ. ಹೊರಗಿನದು ಸಾಮಾನ್ಯವಾಗಿ ನುಣುಪು, ಹಾಲು ಬೆರೆಸಿದ ನೀರಿನಂತೆಯೇ ಉಳಿಯುತ್ತದೆ. ಇಷ್ಟು ವರ್ಷ ನೋಡಿಯೂ ನಾನೊಮ್ಮೆ ಮೋಸಹೋಗಿದ್ದೇನೆ: ತಟ್ಟೆಯಿಂದ ತಟ್ಟೆಗೆ ಪದೇ ಪದೇ ಬೆಳೆಸಿದ ಹೊರಗಿನದೂ ರಫ್ ಆಗಿಬಿಟ್ಟಿತ್ತು. ಅನುಮಾನ ಬಂದರೆ ಪಿಸಿಆರ್, ಅಂದರೆ ರೋಗಾಣುವಿನ ಡಿಎನ್‌ಎ ಪರೀಕ್ಷೆ. ಲಸಿಕೆಯದೆಂದು ಬಂದರೂ ನಿಶ್ಚಿಂತೆ ಬೇಡ, ಕಾಯಿಲೆ ಬಿದ್ದ ಹಿಂಡುಗಳಲ್ಲೂ 9ಆರ್ ಸಿಕ್ಕಿದ್ದುಂಟು. ತೀರ್ಥಹಳ್ಳಿಯವರೇ, ಲಸಿಕೆ ಹಾಕಿದ ಕೆಲವು ಕೋಳಿಗಳೂ ನಿಮ್ಮ ರಕ್ತದ ಹನಿಯಲ್ಲಿ ಸಿಕ್ಕಿಬೀಳುತ್ತವೆ. ಹೊಸನಗರದವರಿಗೆ ಅದು ಉಪಯೋಗವಿಲ್ಲ.

ಕೊಪ್ಪದ ತೋಟ: ಲಸಿಕೆಯದೋ ಹೊರಗಿನದೋ ತಿಳಿಯಲು ತಟ್ಟೆಯ ಮೇಲೆ ರಿಫಾಂಪಿಸಿನ್ (ಆ್ಯಂಟಿಬಯೋಟಿಕ್) ಬಿಲ್ಲೆ ಇಟ್ಟು ನೋಡಬೇಕೆಂದು ನನ್ನಿಂದ 1,200 ತೆಗೆದುಕೊಂಡರು. ಐಸ್ ಡಬ್ಬಿಯನ್ನು ಬಸ್ಸಿಗೆ ಹಾಕಿ ಕಳುಹಿಸಿದ್ದೆ, ದಾರಿಯಲ್ಲಿ ಮರ ಬಿದ್ದು ನಾಲ್ಕು ಗಂಟೆ ತಡ. ಡಬ್ಬಿಯ ಬಾಡಿಗೆಯೂ ನನ್ನದೇ.

ನಿವೃತ್ತ ಲ್ಯಾಬ್‌ನವನು, ಶಿವಮೊಗ್ಗ: ನಿಮ್ಮದೂ 9ಆರ್ ತಾನೇ? ಬಿಲ್ಲೆಯ ಗುರುತು ಸಾಲ್ಮೊನೆಲ್ಲಾದ ಇನ್ನೊಂದು ಬಗೆಯಾದ ಎಂಟರಿಟಿಡಿಸ್‌ನ ಒಂದು ಜೀವಂತ ಲಸಿಕೆಯದು. ಅದು ರಿಫಾಂಪಿಸಿನ್‌ಗೆ ಜಗ್ಗುವುದಿಲ್ಲ, ಎರಿತ್ರೊಮೈಸಿನ್‌ಗೆ ಸಾಯುತ್ತದೆ.

ಕೊಪ್ಪದ ತೋಟ: ಹಾಗಾದರೆ ನನ್ನ 1,200?

ಹೊಸನಗರದ ಹೊಸಬ: ಇಂದು ಎಂಟು ಸತ್ತವು. ಲ್ಯಾಬ್‌ನಲ್ಲಿ ಆ ತಟ್ಟೆಯನ್ನು ಇಷ್ಟು ದಿನ ಇಟ್ಟುಕೊಂಡಿರುತ್ತಾರೆಯೇ?

ತೀರ್ಥಹಳ್ಳಿ ಕೋಳಿಮನೆ: ಸಾಗರದವರು ಇನ್ನೂ ಉತ್ತರ ಕೊಟ್ಟಿಲ್ಲ.