ಬಿಳಿ ಟೇಪಿನ ಗುಟ್ಟು

ಭಾನುವಾರ ಬೆಳಿಗ್ಗೆ ನಮ್ಮ ಮನೆಯವರ ಗುಂಪಿನಲ್ಲಿ ನಡೆದ ಮಾತುಕತೆ ಇದು.

ಭಾವ (ಫಾರ್ವರ್ಡ್): ಬೋಲ್ಟ್ ಥ್ರೆಡ್ (ಸುರುಳಿ ಗೆರೆ) ಹೋಗಿದೆಯೇ? ನಲ್ಲಿಗೆ ಸುತ್ತುವ ಬಿಳಿ ಟೇಪನ್ನು ನಾಲ್ಕು ಸುತ್ತು ಸುತ್ತಿ ಬಿಗಿ ಮಾಡಿ. ಹೊಸದರಂತೆ ಹಿಡಿಯುತ್ತದೆ. ಮೆಕ್ಯಾನಿಕ್‌ಗಳು ಬಚ್ಚಿಡುವ ಗುಟ್ಟು!

ಭಾವ: ನೋಡಿದಿರಾ? ನನ್ನ ಕಾರಿನ ಆಯಿಲ್ ಇಳಿಸುವ ಬೋಲ್ಟ್ ನಿಲ್ಲುತ್ತಿಲ್ಲ, ಎಂಜಿನ್ ಅಡಿಯಲ್ಲಿ ಆಯಿಲ್ ತುಂಬಿರುವ ಸಂಪನ್ನೇ ಬದಲಿಸಬೇಕು ಎಂದು ಗ್ಯಾರೇಜಿನವನು ನನ್ನನ್ನು ಹೆದರಿಸುತ್ತಿದ್ದಾನೆ.

ತಂಗಿ: ಬರೆದವರು ಯಾರು ಭಾವ? ಹೋದ ತಿಂಗಳ ಬ್ಯಾಟರಿ ಸಂದೇಶಕ್ಕೂ ಆಧಾರ ಕೇಳಿದ್ದೆ, ಇನ್ನೂ ಬಂದಿಲ್ಲ.

ದೊಡ್ಡಪ್ಪ: ಬೆಳಿಗ್ಗೆ ಎದ್ದವಳೇ ಭಾವನನ್ನು ಹೀಗೆ ಕೇಳುವುದೇನಮ್ಮ? ಇಂದಿನವರಿಗೆ ಕೈಯಲ್ಲೂ ತಾಳ್ಮೆಯಿಲ್ಲ, ಮಾತಿನಲ್ಲೂ ಇಲ್ಲ.

ನಾನು: ಭಾವ, ಬಿಚ್ಚಿದ ಬೋಲ್ಟ್‌ನ ಫೋಟೊ ಹಾಕಿ.

ಹಾಕಿದರು. ಹಿಗ್ಗಿಸಿ ನೋಡಿದೆ. ಬೋಲ್ಟ್‌ನ ಗೆರೆಗಳ ನಡುವೆ ಬೆಳ್ಳಿ ಬಣ್ಣದ ತೆಳು ಎಳೆಯೊಂದು ಸುರುಳಿಯಾಗಿ ಸುತ್ತಿಕೊಂಡಿತ್ತು, ತುದಿ ಮೇಲೆದ್ದು ನಿಂತಿತ್ತು.

ನಾನು: ಆ ಎಳೆಯೇ ಸಂಪ್‌ನ ಥ್ರೆಡ್. ಬೋಲ್ಟ್ ಉಕ್ಕಿನದು, ಸಂಪ್ ಅಲ್ಯೂಮಿನಿಯಂ. ಮೆತ್ತಗಿನದು ಕಿತ್ತು ಬಂದಿದೆ. ಹೊಸ ಬೋಲ್ಟ್ ತಂದರೂ ಅದಕ್ಕೆ ಕಚ್ಚಲು ಒಳಗೆ ಏನೂ ಉಳಿದಿಲ್ಲ. ಟೇಪ್ ಜಿನುಗುವುದನ್ನು ತಡೆದೀತು, ಬೋಲ್ಟನ್ನು ಹಿಡಿದಿಡಲಾರದು. ಓಡುತ್ತಿರುವಾಗ ಅದು ಕಳಚಿಬಿದ್ದರೆ ಆಯಿಲ್ ಅಷ್ಟೂ ಸುರಿದು ಎಂಜಿನ್ ಸೀಜ್ ಆಗುತ್ತದೆ. ದಯವಿಟ್ಟು ಕಾರು ತೆಗೆಯಬೇಡಿ.

ತಂಗಿ: ಕಿತ್ತದ್ದು ಯಾರು ಹಾಗಾದರೆ?

ಭಾವ: ಹೋದ ಸಲ ಆಯಿಲ್ ಬದಲಿಸಿದ್ದು ನಿಮ್ಮ ಚಿಕ್ಕಪ್ಪ.

ಚಿಕ್ಕಪ್ಪ: ಹೊಸ ವಾಷರ್ ಹಾಕೋಣ ಎಂದರೆ ಕೇಳಲಿಲ್ಲ. ಜಿನುಗುತ್ತಿದೆ, ಇನ್ನೂ ಬಿಗಿ ಮಾಡಿ ಎಂದು ಪಕ್ಕದಲ್ಲೇ ನಿಂತು ಹೇಳಿದವರು ನೀವು. ಬಲ ಹೆಚ್ಚಲೆಂದು ಸ್ಪ್ಯಾನರ್‌ಗೆ ಪೈಪ್ ಸಿಕ್ಕಿಸಿದ್ದೂ ನಿಮ್ಮ ಮಾತಿಗೇ.

ಭಾವ: ಪೈಪ್ ತಂದವರು ಯಾರು?

ದೊಡ್ಡಪ್ಪನ ಮಗ: ಸ್ಪ್ಯಾನರ್ ಎಂದೊಡನೆ ಅಜ್ಜನ ನೆನಪಾಯಿತು. ಬಿಚ್ಚಿದ ಬೋಲ್ಟ್‌ಗಳನ್ನೆಲ್ಲ ಸೀಮೆಎಣ್ಣೆಯ ಡಬ್ಬಕ್ಕೆ ಹಾಕುತ್ತಿದ್ದರು. ಉದ್ದದ ಪ್ರಕಾರ ಸಾಲಾಗಿ ಜೋಡಿಸುವುದು ನಮ್ಮ ಕೆಲಸ. ಕೈಯಿಂದ ಮೂರು ಸುತ್ತು ಸಲೀಸಾಗಿ ಹೋಗದ ಬೋಲ್ಟ್‌ಗೆ ಸ್ಪ್ಯಾನರ್ ಮುಟ್ಟಿಸಲು ಬಿಡುತ್ತಿರಲಿಲ್ಲ.

ದೊಡ್ಡಪ್ಪ: ಅಪ್ಪ ಯಾರ ಮೇಲೂ ತಪ್ಪು ಹೊರಿಸಿದವರಲ್ಲ.

ಚಿಕ್ಕಪ್ಪ: ನನ್ನ ಮೇಲೆ ಹೊರಿಸುತ್ತಿದ್ದರು, ಅಣ್ಣ.

ಹತ್ತು ನಿಮಿಷ ಯಾರೂ ಬರೆಯಲಿಲ್ಲ. ನನಗೆ ಯೋಚನೆ ಕಾರಿನದು.

ನಾನು: ಭಾವ, ಬೇರೆ ಗ್ಯಾರೇಜಿನಲ್ಲಿ ಹೆಲಿಕಾಯಿಲ್ ಹಾಕುತ್ತಾರೆಯೇ ಎಂದು ಕೇಳಿ. ತೂತನ್ನು ಸ್ವಲ್ಪ ದೊಡ್ಡದಾಗಿ ಕೊರೆದು, ಅದರದೇ ಟ್ಯಾಪ್ (ಥ್ರೆಡ್ ಕೊರೆಯುವ ಉಪಕರಣ) ಹೊಡೆದು, ಸ್ಟೀಲ್ ತಂತಿಯ ಸುರುಳಿಯನ್ನು ಒಳಗೆ ಕೂರಿಸುತ್ತಾರೆ. ಮೊದಲಿನ ಅಳತೆಯ ಬೋಲ್ಟೇ ಹಿಡಿಯುತ್ತದೆ. ಟ್ಯಾಪ್‌ಗೆ ಗ್ರೀಸ್ ಹಚ್ಚಲು ಹೇಳಿ, ಲೋಹದ ಚೂರು ಅದಕ್ಕೆ ಅಂಟಿಕೊಳ್ಳುತ್ತದೆ. ಆಮೇಲೆ ಸ್ವಲ್ಪ ಆಯಿಲ್ ಸುರಿದು ಸಂಪ್ ತೊಳೆಯಲಿ. ಸುತ್ತಲಿನ ಲೋಹ ಬಿರುಕು ಬಿಟ್ಟಿದ್ದರೆ ಮಾತ್ರ ಸಂಪ್ ಬದಲಿಸಲೇಬೇಕು.

ತಂಗಿ: ಅಣ್ಣ, ನಿನಗೂ ಅದೇ ಪ್ರಶ್ನೆ. ಆಧಾರ?

ನಾನು: ನನ್ನ ಕಾರಿಗೇ ಹಾಕಿಸಿದ್ದೇನೆ. ಎಷ್ಟು ಬಿಗಿಯಬೇಕು ಎಂಬುದು ಆಯಾ ಕಾರಿನ ಕೈಪಿಡಿಯಲ್ಲಿದೆ. ಅದಕ್ಕೆ ಬಿಗಿಯುವ ಬಲ ಅಳೆಯುವ ಟಾರ್ಕ್ ರೆಂಚ್ ಬೇಕು. ನನ್ನದು ಎರಡು ವರ್ಷದಿಂದ ಮನೆಯಲ್ಲಿಲ್ಲ.

ದೊಡ್ಡಪ್ಪನ ಮಗ: ನನ್ನ ಬಳಿ ಇದೆ. ಕೇಳಿದ್ದರೆ ಕೊಡುತ್ತಿದ್ದೆ.

ನಾನು: ನಾಲ್ಕು ಸಲ ಕೇಳಿದ್ದೇನೆ, ಇದೇ ಗುಂಪಿನಲ್ಲಿ.

ಚಿಕ್ಕಪ್ಪ: ರೆಂಚ್ ಇದ್ದಿದ್ದರೆ ನಾನು ಪೈಪ್ ಮುಟ್ಟುತ್ತಿದ್ದೆನೇ?

ದೊಡ್ಡಪ್ಪನ ಮಗ: ಸಂಜೆ ಭಾವನ ಮನೆಗೆ ತರುತ್ತೇನೆ. ಚಿಕ್ಕಪ್ಪ, ನೀವೂ ಬನ್ನಿ.

ನಾನು: ರೆಂಚಿನ ಅಳತೆಯನ್ನು ಕಡಿಮೆಗೆ ತಿರುಗಿಸಿ, ಸ್ಪ್ರಿಂಗ್ ಸಡಿಲವಾಗಿಟ್ಟಿದ್ದೀಯಾ?

ದೊಡ್ಡಪ್ಪನ ಮಗ: ನೋಡಿ ಹೇಳುತ್ತೇನೆ.